ಕುಣಿಗಲ್‌ಗೆ ಇನ್ನೊಂದು ದಾರಿ

ಈಚೆಗೆ ನಾದಿನಿಯ ಜೊತೆ ಒಂದು ನಾಮಕರಣಕ್ಕೆಂದು ಕುಣಿಗಲ್‌ಗೆ ಹೋಗಿದ್ದೆ. ಬಸ್ ಇಳಿದು ಪೇಟೆಯ ಕಡೆ ತಿರುಗಿದರೆ ಜೆಸಿಬಿಯೊಂದು ರಸ್ತೆಯ ಪಕ್ಕ ಅಗೆಯುತ್ತಿತ್ತು. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಒಳಗಿನ ಕೆಮ್ಮಣ್ಣು ಆಗಷ್ಟೇ ಮೇಲೆ ಬಂದು ಹಸಿ ವಾಸನೆ ಬೀದಿಯನ್ನೆಲ್ಲ ತುಂಬಿತ್ತು. ನಾದಿನಿ ಉಸಿರೆಳೆದುಕೊಂಡು, "ಎಷ್ಟ್ ಚೆನ್ನಾಗೈತೆ ಅಲ್ವೇನಕ್ಕ ಈ ವಾಸ್ನೆ" ಅಂದಳು. ಅಷ್ಟರಲ್ಲಿ ನಾನು ಗುಂಡಿಯ ಅಂಚಿಗೆ ಹೋಗಿ, ಮಣ್ಣಿನಲ್ಲಿ ಕಪ್ಪು ಕೇಬಲ್ ಏನಾದರೂ ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಜೆಸಿಬಿಯವನು ಹಾರ್ನ್ ಹೊಡೆದು, "ಅಮ್ಮಾ, ಈಚೆ ಬನ್ರಮ್ಮ, ಬಿದ್ಗಿದ್ದೀರ" ಎಂದು ಕೂಗಿದ ಮೇಲೇ ನನಗೆ ಎಚ್ಚರವಾದದ್ದು.

ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಅಗೆದ ಹಸಿ ಮಣ್ಣಿನ ವಾಸನೆ ಮೂಗಿಗೆ ಬಿದ್ದರೆ ಎದೆ ಡವಡವ ಅನ್ನುತ್ತದೆ. ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲ ನನಗೆ ಅಂಟಿಸಿದ ರೋಗ ಅದು.

ಆಗ ನಾನು ತುಮಕೂರಿನಲ್ಲಿ, ಶಿರಾ ಗೇಟ್‌ನಿಂದ ಸ್ವಲ್ಪ ಒಳಗಿದ್ದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಕಂಪ್ಯೂಟರ್ ವಿಭಾಗ ಎಂದು ಬಾಗಿಲ ಮೇಲೆ ಬೋರ್ಡಿತ್ತು, ಒಳಗೆ ಇದ್ದವಳು ನಾನೊಬ್ಬಳೇ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಪ್ರಿಂಟರ್ ಕೆಟ್ಟರೆ ಸರಿಮಾಡು, ಕೀಬೋರ್ಡ್ ಹೋದರೆ ಬದಲಾಯಿಸು ಎಂಬ ಕೆಲಸಕ್ಕೆ ಸೇರಿಕೊಂಡಿದ್ದೆ. ಟ್ರಸ್ಟಿಗೆ ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಒಂದೊಂದು ಸಣ್ಣ ಆಸ್ಪತ್ರೆ ಇತ್ತು. ಹೃದಯದ ಡಾಕ್ಟರು ಮಾತ್ರ ತುಮಕೂರಿನಲ್ಲೇ ಇರುವವರು. ಹೀಗಾಗಿ ಆ ಎರಡು ಊರಲ್ಲಿ ತೆಗೆದ ಇಸಿಜಿ ಲೈನಿನ ಮೂಲಕ ಇಲ್ಲಿಯ ಕಂಪ್ಯೂಟರಿಗೆ ಬಂದು, ಡಾಕ್ಟರು ನೋಡಿ, ಯಾವ ಇಂಜೆಕ್ಷನ್ ಕೊಡಬೇಕು ಎಂದು ಫೋನಿನಲ್ಲಿ ಹೇಳುವ ಏರ್ಪಾಟು ಮಾಡಿದ್ದರು. ಆ ಕಾಲಕ್ಕೆ ಅದು ದೊಡ್ಡ ಮಾತು. ನೋಡಲು ಜನ ಬರುತ್ತಿದ್ದರು.

ಅದಕ್ಕಾಗಿ ಮೂರೂ ಆಸ್ಪತ್ರೆಗಳಲ್ಲಿ ಒಂದೊಂದು ರೂಟರ್ ಇಟ್ಟಿದ್ದರು. ಬಂದದ್ದನ್ನು ಯಾವ ಲೈನಿಗೆ ತಳ್ಳಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ ಅದು. ತುಮಕೂರಿನಿಂದ ಗುಬ್ಬಿಗೆ ಒಂದು ಲೈನು, ಕುಣಿಗಲ್‌ಗೆ ಒಂದು ಲೈನು. ಸಾಲದೆಂದು ಗುಬ್ಬಿಗೂ ಕುಣಿಗಲ್‌ಗೂ ನಡುವೆ ಇನ್ನೊಂದನ್ನು ಹಾಕಿಸಿದ್ದರು, ಒಂದು ಕಡೆಯ ಔಷಧಿ ದಾಸ್ತಾನು ಇನ್ನೊಂದು ಕಡೆಯವರಿಗೆ ಕಾಣಲಿ ಎಂದು. ಬೆಂಗಳೂರಿನ ಒಂದು ಕಂಪನಿಯವರು ಬಂದು ಎಲ್ಲ ಜೋಡಿಸಿ ಹೋದರು. ಆಮೇಲೆ ಅವರ ಪತ್ತೆ ಇರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಅದೇ ಹೊತ್ತಿಗೆ ಕುಣಿಗಲ್ ರಸ್ತೆ ಅಗಲ ಮಾಡುವ ಕೆಲಸವೂ ನಡೆದಿತ್ತು. ಒಂದು ಬೆಳಿಗ್ಗೆ ಅಮೃತೂರು ಕಡೆಯ ಒಬ್ಬ ಮೇಷ್ಟರನ್ನು ಎದೆನೋವೆಂದು ಟೆಂಪೋದಲ್ಲಿ ಕುಣಿಗಲ್ ಆಸ್ಪತ್ರೆಗೆ ಕರೆತಂದರು. ಇಸಿಜಿ ತೆಗೆದರು. ಅದು ತುಮಕೂರಿಗೆ ಹೋಗಲಿಲ್ಲ. ಹೆಬ್ಬೂರಿನ ಆಚೆ ಎಲ್ಲೋ ಜೆಸಿಬಿ ಕೇಬಲ್ ಕಿತ್ತಿತ್ತು, ಆಸ್ಪತ್ರೆಯ ಫೋನೂ ಸತ್ತಿತ್ತು. ಸಿಸ್ಟರ್ ಗೌರಮ್ಮ ಎದುರಿನ ಮೆಡಿಕಲ್ ಸ್ಟೋರಿನವರ ಮೊಬೈಲ್ ಇಸಿದುಕೊಂಡು ತುಮಕೂರಿನ ಡಾಕ್ಟರ ಜೊತೆ ಮಾತಾಡಿದರು. ಇಸಿಜಿಯ ಗೆರೆ ನೋಡದೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿ ಎಂದು ಅವರಾದರೂ ಹೇಗೆ ಹೇಳಿಯಾರು? ಬೆಂಗಳೂರಿಗೆ ಕಳಿಸಿ ಎಂದರು. ಮೇಷ್ಟರು ಸೋಲೂರು ದಾಟುವಷ್ಟರಲ್ಲಿ ತೀರಿಕೊಂಡರು.

ಮುಂದಿನ ವಾರ ಪ್ರಿಂಟರ್ ನೋಡಲು ಕುಣಿಗಲ್‌ಗೆ ಹೋಗಿದ್ದೆ. ಗೌರಮ್ಮ ಐವತ್ತು ದಾಟಿದ ಹೆಂಗಸು, ಕೊತ್ತಗೆರೆ ಕಡೆಯವರು, ದನಿ ಸ್ವಲ್ಪ ದೊಡ್ಡದು. ಅವತ್ತು ಮಾತ್ರ ಮೆಲ್ಲಗೆ ಮಾತಾಡಿದರು.

"ಮಂಜುಳಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡ."

"ಕೇಳಿ ಸಿಸ್ಟರ್."

"ಅವತ್ತು ಗುಬ್ಬಿ ಲೈನು ಸರಿಯಾಗೇ ಇತ್ತು ಕಣಮ್ಮ. ಅಲ್ಲಿ ಔಷಧಿ ಸ್ಟಾಕು ನಂಗೆ ಕಾಣ್ತಿತ್ತು. ಗುಬ್ಬಿಯಿಂದ ತುಮ್ಕೂರಿಗೂ ಲೈನ್ ಐತಲ್ಲ. ಹಂಗಿದ್ ಮೇಲೆ ಆ ಇಸಿಜಿ ಸುತ್ತಾಕ್ಕೊಂಡಾದ್ರೂ ಯಾಕೆ ಹೋಗ್ಲಿಲ್ಲ?"

ನೋಡಿ ಹೇಳುತ್ತೇನೆ ಎಂದು ಬಸ್ ಹತ್ತಿದೆ. ಆ ಪ್ರಶ್ನೆ ಕಿಟಕಿ ಪಕ್ಕದ ಸೀಟಿನಲ್ಲಿ ನನ್ನ ಜೊತೆಗೇ ಕೂತು ತುಮಕೂರಿಗೆ ಬಂತು.

ಉತ್ತರ ಹುಡುಕಿದಾಗ ಅದು ಬಹಳ ಸರಳವಾಗಿತ್ತು. ಕಂಪನಿಯವರು ಒಂದೊಂದು ರೂಟರ್‌ಗೂ ದಾರಿಯನ್ನು ಕೈಯಿಂದ ಬರೆದು ಹೋಗಿದ್ದರು. ತುಮಕೂರಿಗೆ ಹೋಗಬೇಕಾದರೆ ಈ ಲೈನು, ಗುಬ್ಬಿಗಾದರೆ ಆ ಲೈನು. ಆ ಲೈನು ತುಂಡಾದರೆ ಏನು ಮಾಡಬೇಕೆಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಕುಣಿಗಲ್‌ನ ರೂಟರ್ ಆ ಬೆಳಿಗ್ಗೆಯೆಲ್ಲ ಮೇಷ್ಟರ ಇಸಿಜಿಯನ್ನು ಸತ್ತ ಲೈನಿಗೇ ತಳ್ಳುತ್ತ ಕೂತಿತ್ತು.

ಬೆಂಗಳೂರಿಗೆ ಫೋನ್ ಮಾಡಿದೆ. ಬಹಳ ಸಲ ಮಾಡಿದ ಮೇಲೆ ಒಬ್ಬರು ಸಿಕ್ಕಿ, "ನೀವು ಓಎಸ್‌ಪಿಎಫ್ ಹಾಕ್ಸ್‌ಬೇಕು ಮೇಡಂ. ನಮ್ ಎಂಜಿನಿಯರ್ ದಸರಾ ಆದ್ಮೇಲೆ ಬರ್ತಾರೆ" ಎಂದರು. ದಸರಾ ಅಂದರೆ ಮಳೆಗಾಲವೆಲ್ಲ ಕಳೆದ ಮೇಲೆ. ಅಷ್ಟರಲ್ಲಿ ರಸ್ತೆ ಇನ್ನೆಷ್ಟು ಸಲ ಅಗೆಯುತ್ತಾರೋ, ಇನ್ಯಾರಿಗೆ ಎದೆನೋವು ಬರುತ್ತದೋ. ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿದ್ದು ಧೈರ್ಯದಿಂದಲ್ಲ. ದಸರಾವರೆಗೆ ಕಾಯುವುದಕ್ಕೆ ಹೆದರಿ.

ಹಳೆಯ ಸಹಪಾಠಿಯೊಬ್ಬಳಿಂದ ಪುಸ್ತಕದ ಜೆರಾಕ್ಸ್ ತರಿಸಿಕೊಂಡೆ. ಇಂಗ್ಲಿಷ್ ಪುಟವನ್ನು ನನಗೆ ನಾನೇ ಕನ್ನಡದಲ್ಲಿ ಹೇಳಿಕೊಂಡರೆ ಮಾತ್ರ ತಲೆಗೆ ಹತ್ತುತ್ತಿತ್ತು. ಓಎಸ್‌ಪಿಎಫ್ ಎಂಬ ಈ ಪದ್ಧತಿಯಲ್ಲಿ ದಾರಿಯನ್ನು ನಾವು ಬರೆಯುವುದಿಲ್ಲ. ಪ್ರತಿ ರೂಟರೂ ತನ್ನ ನೆರೆಯ ರೂಟರ್‌ಗೆ ಆಗಾಗ ಹಲೋ ಅನ್ನುತ್ತಿರುತ್ತದೆ. ನನ್ನ ಯಾವ ಲೈನು ಬದುಕಿದೆ, ಯಾವುದು ಇಲ್ಲ ಎಂಬ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸುತ್ತದೆ. ಕೊನೆಗೆ ಮೂವರ ಹತ್ತಿರವೂ ಒಂದೇ ನಕ್ಷೆ ಇರುತ್ತದೆ, ಅದನ್ನು ನೋಡಿ ಅವೇ ಹತ್ತಿರದ ದಾರಿ ಆರಿಸಿಕೊಳ್ಳುತ್ತವೆ. ಹಲೋ ನಿಂತುಹೋದರೆ ಆ ಲೈನನ್ನು ನಕ್ಷೆಯಿಂದ ಅಳಿಸಿ ಸುತ್ತಿನ ದಾರಿ ಹಿಡಿಯುತ್ತವೆ. ಓದಲು ಚೆನ್ನಾಗಿತ್ತು. ಆದರೆ ಒಂದು ಅಂಕಿ ತಪ್ಪಿ ಹೊಡೆದರೆ ಮೂರು ಊರಿನ ಆಸ್ಪತ್ರೆಗಳು ಒಂದಕ್ಕೊಂದು ಕಿವುಡಾಗುತ್ತವೆ ಎಂಬುದು ಪುಟದ ಪ್ರತಿ ಸಾಲಿನ ಕೆಳಗೂ ಇತ್ತು. ಅಮ್ಮ ಒಂದು ಬೆಳಿಗ್ಗೆ ಕಾಫಿ ಕೊಡುತ್ತ, "ಏನೇ, ನಿದ್ದೇಲಿ ಹಲೋ ಹಲೋ ಅಂತೀಯ, ಯಾರೇ ಅವ್ನು?" ಎಂದು ಕೇಳಿದಳು. ನಗಲೂ ಆಗಲಿಲ್ಲ.

ಅನುಮತಿ ಕೊಡಬೇಕಾದವರು ಆಡಳಿತಾಧಿಕಾರಿ ಪರಮೇಶ್ವರಪ್ಪನವರು. ಹಣೆಯ ಮೇಲೆ ಅಗಲ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಡ್ರಾಯರ್‌ಗೆ ಬೀಗ ಹಾಕಿದ ಮೇಲೆ ಎಳೆದು ನೋಡಿ, ಬಾಗಿಲವರೆಗೆ ಹೋಗಿ, ವಾಪಸ್ ಬಂದು ಮತ್ತೊಮ್ಮೆ ಎಳೆದು ನೋಡುವವರು. ಕೆಟ್ಟವರಲ್ಲ. ಹೆದರುವವರು. ನನಗಿಂತ ಹೆಚ್ಚು ಹೆದರುವ ಮನುಷ್ಯರನ್ನು ನಾನು ಕಂಡಿದ್ದರೆ ಅವರೊಬ್ಬರನ್ನೇ.

"ಓಡ್ತಿರೋದನ್ನ ಯಾಕಮ್ಮ ಮುಟ್ಟಕ್ ಹೋಗ್ತೀಯ?" ಎಂದರು.

"ಓಡ್ತಿಲ್ಲ ಸಾರ್. ಅವತ್ತು ಓಡ್ಲಿಲ್ವಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಮೇಷ್ಟರ ಮನೆಗೆ ಮಾತಾಡಿಸಲು ಹೋಗಿದ್ದವರು ಅವರೇ. ಕನ್ನಡಕ ಮತ್ತೆ ಏರಿಸಿಕೊಂಡು, "ಹೊಸದ್ ಹಾಕು. ಆದ್ರೆ ಹಳೇದ್ ತೆಗೀಬೇಡ. ಎರಡೂ ಇರ್ಲಿ, ಸೇಫ್ಟಿಗೆ" ಎಂದರು.

ಮೊದಲು ಗುಬ್ಬಿ. ಭಾನುವಾರ, ಹೊರರೋಗಿಗಳಿಲ್ಲದ ದಿನ. ಇಟ್ಟಿಗೆಯಷ್ಟು ಭಾರದ ಆಫೀಸಿನ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅಲ್ಲಿಯ ಲ್ಯಾಬಿನ ನಟರಾಜು ರೂಟರ್ ಇದ್ದ ಕಪಾಟಿನ ಬೀಗ ತೆಗೆದು, ಅದರ ಮೇಲೆ ಒಣಗಲು ಹಾಕಿದ್ದ ತನ್ನ ಟವೆಲ್ಲನ್ನು ನಾಚಿಕೊಂಡು ಎತ್ತಿಕೊಂಡ. ತುಮಕೂರಿನ ರೂಟರ್‌ಗೆ ಹೊಸ ಸಾಲುಗಳನ್ನು ಹಾಕಿಯೇ ಬಂದಿದ್ದೆ. ಇಲ್ಲಿಯೂ ಹೊಡೆದೆ. ಈ ಲೈನುಗಳೆಲ್ಲ ನಿನ್ನವು, ಎಲ್ಲವೂ ಏರಿಯಾ ಸೊನ್ನೆ ಎಂಬ ಒಂದೇ ಗುಂಪಿಗೆ ಸೇರಿದವು ಎಂದು. ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿ, ಕಣ್ಣು ಮುಚ್ಚಿ ಎಂಟರ್ ಒತ್ತಿದೆ. ನೆರೆಯವರ ಹೆಸರು ತೋರಿಸು ಎಂದು ಕೇಳಿದರೆ ತುಮಕೂರಿನ ಹೆಸರು ಬಂತು, ಮುಂದೆ 'ಫುಲ್' ಎಂದಿತ್ತು. ನಕ್ಷೆ ಪೂರ್ತಿ ಹಂಚಿಕೊಂಡಾಯಿತು ಎಂದು ಅದರ ಅರ್ಥ. ಇಷ್ಟೇನಾ ಅನ್ನಿಸಿತು.

ಇಷ್ಟೇ ಆಗಿರಲಿಲ್ಲ. ಮುಂದಿನ ಭಾನುವಾರ ಕುಣಿಗಲ್‌ನಲ್ಲಿ ಅವೇ ಸಾಲುಗಳನ್ನು ಹೊಡೆದರೆ 'ಎಕ್ಸ್‌ಸ್ಟಾರ್ಟ್' ಎಂದು ಬಂದು ಅಲ್ಲೇ ನಿಂತಿತು. ಪರಿಚಯವಾಗಿದೆ, ಮಾತು ಶುರುವಾಗಬೇಕು, ಆಗುತ್ತಿಲ್ಲ ಎಂಬ ಸ್ಥಿತಿ ಅದು. ಅಳಿಸಿ ಮತ್ತೆ ಹೊಡೆದೆ. ಆಫ್ ಮಾಡಿ ಆನ್ ಮಾಡಿದೆ. ಹೊರಗೆ ಮಳೆ ಸುರಿಯುತ್ತಿತ್ತು. ಪ್ರತಿ ಸಲ ಗುಡುಗಿದಾಗಲೂ ಲೈನು ಈಗ ಹೋಯಿತು ಅನ್ನಿಸುತ್ತಿತ್ತು. ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ವಾಪಸ್ ಬಂದೆ. ಆಮೇಲಿನ ಎರಡು ವಾರ ದಾರಿಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿರುಗಿ ನೋಡುತ್ತಿದ್ದೆ. ಕೊನೆಗೆ ಗುಬ್ಬಿಯ ಮತ್ತು ಕುಣಿಗಲ್‌ನ ರೂಟರ್‌ಗಳು ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಕುಣಿಗಲ್‌ನದು ಬೇರೆ ಮಾಡಲ್ಲು, ಆಮೇಲೆ ತಂದದ್ದು. ಒಂದು ಸಲಕ್ಕೆ ಎಷ್ಟು ದೊಡ್ಡ ಪೊಟ್ಟಣ ಕಳಿಸಬಹುದು ಎಂಬ ಅಳತೆ ಅದರಲ್ಲಿ ಬೇರೆ ಇತ್ತು. ಅಳತೆ ಹೊಂದದಿದ್ದರೆ ಇವು ಮಾತು ಮುಂದುವರಿಸುವುದಿಲ್ಲ. ಅಳತೆ ಒಂದೇ ಮಾಡಿದೆ. 'ಫುಲ್' ಎಂದು ಬಂತು. ನಾನು ಕೂತಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ.

ಆದರೆ ಇನ್ನೊಂದು ಉಳಿದಿತ್ತು, ಅದೇ ದೊಡ್ಡದು. ಪರಮೇಶ್ವರಪ್ಪನವರು ಸೇಫ್ಟಿಗೆ ಇರಲಿ ಎಂದ ಹಳೆಯ ದಾರಿ. ರೂಟರ್‌ಗೆ ಕೈಯಿಂದ ಬರೆದ ದಾರಿಯೆಂದರೆ ಹೆಚ್ಚು ಮರ್ಯಾದೆ. ತಾನೇ ಕಂಡುಕೊಂಡ ದಾರಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬದಿಗಿಟ್ಟು ಬರೆದದ್ದನ್ನೇ ಹಿಡಿಯುತ್ತದೆ. ನಮ್ಮ ಮೋಡೆಮ್‌ಗಳೋ, ಆಚೆ ಕೇಬಲ್ ತುಂಡಾದರೂ ಇಲ್ಲಿ ದೀಪ ಉರಿಸುತ್ತಲೇ ಇರುವಂಥವು. ಲೈನು ಬದುಕಿದೆ ಎಂದೇ ರೂಟರ್ ನಂಬುತ್ತದೆ. ಅಂದರೆ ನಾನು ಇಷ್ಟು ದಿನ ಮಾಡಿದ್ದೆಲ್ಲ ಇದ್ದೂ ಇಲ್ಲದ ಹಾಗೆ. ಹಳೆಯದನ್ನು ಅಳಿಸಲೇಬೇಕು.

ಇದನ್ನು ಹೇಳಲು ಹೋದಾಗ ಪರಮೇಶ್ವರಪ್ಪನವರು ಮೆಟ್ಟಿಲ ಮಧ್ಯೆ ಕಂಬಿ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಕೇಳಿ ಮುಖ ಬಿಳಿಚಿಕೊಂಡಿತು.

"ಅಳಿಸಿದ್ ಮೇಲೆ ನಿನ್ ಹೊಸದು ಕೈ ಕೊಟ್ರೆ?"

"ಅದನ್ನೇ ಟೆಸ್ಟ್ ಮಾಡ್ಬೇಕು ಸಾರ್. ಕುಣಿಗಲ್‌ನಲ್ಲಿ ತುಮಕೂರಿನ ಕೇಬಲ್ ಕಿತ್ತು, ಇಸಿಜಿ ಗುಬ್ಬಿ ಮೇಲೆ ಬರುತ್ತಾ ನೋಡ್ಬೇಕು."

"ಬೇಕ್ ಅಂತ ಕೀಳೋದಾ?"

"ಜೆಸಿಬಿ ಕೇಳ್ಕೊಂಡ್ ಕೀಳಲ್ಲ ಸಾರ್."

ಆ ಮಾತು ಬಾಯಿ ತಪ್ಪಿ ಬಂದದ್ದು. ಅವರಿಗೆ ಹಾಗೆ ಎದುರಾಡಿದ್ದು ನಾನು ಅದೇ ಮೊದಲು. ಅವರು ಕಂಬಿ ಹಿಡಿದುಕೊಂಡೇ ಕೆಳಗಿಳಿದು ಹೋದರು. ಕೆಲಸ ಹೋಯಿತು ಎಂದೇ ಭಾವಿಸಿದೆ. ಶನಿವಾರ ಸಂಜೆ ಕರೆಸಿ, "ನಾಳೆ ನಾನೂ ಬರ್ತೀನಿ. ಕೇಬಲ್ ನಾನೇ ಕೀಳ್ತೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪರಮೇಶ್ವರಪ್ಪ ಕಿತ್ತ ಅಂತ ಆಗ್ಲಿ, ನಿನ್ ಹೆಸ್ರು ಬರೋದ್ ಬೇಡ" ಎಂದರು. ಒಂದು ಷರತ್ತು ಹಾಕಿದರು. ಕೆಟ್ಟರೆ ತಾನೇ ಮೊದಲಿನಂತಾಗುವ ಹಾಗೆ ಮಾಡಿರಬೇಕು.

ಅದಕ್ಕೊಂದು ಉಪಾಯವಿತ್ತು. ಅರ್ಧ ಗಂಟೆಯಲ್ಲಿ ನಿನ್ನಷ್ಟಕ್ಕೆ ನೀನು ಆಫ್ ಆಗಿ ಆನ್ ಆಗು ಎಂದು ರೂಟರ್‌ಗೆ ಹೇಳಿಟ್ಟಿರಬಹುದು. ಹೊಸದನ್ನು ಸೇವ್ ಮಾಡದೆ ಬಿಟ್ಟಿದ್ದರೆ ಅದು ಹಳೆಯ ದಾರಿಗಳೊಂದಿಗೇ ಎದ್ದು ಕೂರುತ್ತದೆ. ಎಲ್ಲ ಸರಿಯಿದ್ದರೆ ನಾವೇ ಆ ಆಜ್ಞೆಯನ್ನು ರದ್ದು ಮಾಡಿ ಸೇವ್ ಮಾಡಬೇಕು.

ಭಾನುವಾರ ಆಸ್ಪತ್ರೆಯ ಜೀಪಿನಲ್ಲಿ ಹೊರಟೆವು. ಪರಮೇಶ್ವರಪ್ಪನವರು ಹೆಬ್ಬೂರಿನಲ್ಲಿ ಜೀಪು ನಿಲ್ಲಿಸಿ ಸೋಡಾ ಕುಡಿದರು. "ಬೆಳಗ್ಗೆಯಿಂದ ಗ್ಯಾಸು. ಟೆನ್ಷನ್ ಆದ್ರೆ ನಂಗೆ ಹಿಂಗೇ" ಎಂದರು. ಕುಣಿಗಲ್‌ನಲ್ಲಿ ಗೌರಮ್ಮನೂ ಒಬ್ಬ ಡ್ಯೂಟಿ ಡಾಕ್ಟರೂ ಇದ್ದರು. ವಾರ್ಡು ಖಾಲಿ. ತುಮಕೂರಿನಲ್ಲಿ ಹೃದಯದ ಡಾಕ್ಟರು ಊಟದ ಹೊತ್ತಿನವರೆಗೆ ಕಂಪ್ಯೂಟರ್ ಮುಂದೆ ಇರುವುದಾಗಿ ಒಪ್ಪಿದ್ದರು.

ಕುಣಿಗಲ್‌ನಲ್ಲಿ ಕೂತೇ ಎರಡು ಕಡೆಯ ರೂಟರ್‌ಗೂ, ತುಮಕೂರಿನದಕ್ಕೆ ಲೈನಿನ ಮೂಲಕ, ಅರ್ಧ ಗಂಟೆಯ ಆಜ್ಞೆ ಕೊಟ್ಟು, ಹಳೆಯ ದಾರಿಗಳನ್ನು ಅಳಿಸಿದೆ. ತುಮಕೂರಿಗೆ 'ಇದ್ದೀಯಾ' ಎಂದು ಬಿಡದೆ ಕೇಳುವ ಪಿಂಗ್ ಸಂದೇಶ ಹಚ್ಚಿಟ್ಟೆ. ತೆರೆಯ ಮೇಲೆ ಉತ್ತರಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಪರಮೇಶ್ವರಪ್ಪನವರು ಮೋಡೆಮ್ ಹಿಂದೆ ಕೈ ಹಾಕಿದರು. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಇದೇನಾ?"

"ಅದೇ ಸಾರ್."

ಕಿತ್ತರು. ಉತ್ತರ ನಿಂತುಹೋಯಿತು. ಹಲೋ ಬರುತ್ತಿಲ್ಲ ಎಂದು ರೂಟರ್‌ಗೆ ಖಾತ್ರಿಯಾಗಲು ಸ್ವಲ್ಪ ಹೊತ್ತು ಬೇಕು ಎಂದು ಗೊತ್ತಿತ್ತು. ಗೊತ್ತಿದ್ದರೂ ಆ ಸ್ವಲ್ಪ ಹೊತ್ತು ಮುಗಿಯಲೇ ಇಲ್ಲ. ಗೌರಮ್ಮ ಸೆರಗಿನ ತುದಿ ಹಿಂಡುತ್ತಿದ್ದರು. ಪರಮೇಶ್ವರಪ್ಪನವರು ಕಿತ್ತ ಕೇಬಲ್ಲನ್ನು ಹಿಡಿದುಕೊಂಡೇ ನಿಂತಿದ್ದರು, ಈಗಲೇ ವಾಪಸ್ ಸಿಕ್ಕಿಸಲೇ ಎಂಬಂತೆ. ಆಮೇಲೆ ಒಂದು ಉತ್ತರ ಬಂತು. ಇನ್ನೊಂದು. ಮತ್ತೆ ಮೊದಲಿನಂತೆ ಸುರಿಯತೊಡಗಿದವು.

"ಬಂತಾ?" ಎಂದರು ಪರಮೇಶ್ವರಪ್ಪ.

"ಬಂತು ಸಾರ್. ಗುಬ್ಬಿ ಮೇಲೆ."

ಅವರು ಕೇಬಲ್ ಕೆಳಗಿಟ್ಟು, "ಇಸಿಜಿ ಕಳ್ಸಿ ನೋಡ್ಬೇಕಲ್ಲ, ನಂದೇ ತೆಗೀರಿ" ಎಂದು ಅಂಗಿಯ ಗುಂಡಿ ಬಿಚ್ಚುತ್ತ ಒಳಗೆ ಹೋಗಿ ಮಲಗಿದರು. ಗೌರಮ್ಮ ಇಸಿಜಿ ತೆಗೆದರು, ನಾನು ಕಳಿಸಿದೆ. ಪರಮೇಶ್ವರಪ್ಪನವರು ಅಂಗಿ ಹಾಕಿಕೊಂಡು, ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬರುತ್ತೇನೆಂದು ಹೊರಟರು. ಫೋನ್ ಬಡಿದುಕೊಂಡಿತು. ಹೃದಯದ ಡಾಕ್ಟರು.

"ಏನಮ್ಮ ಇದು ಕಳ್ಸಿರೋದು? ಗೆರೆ ಎಲ್ಲಾ ಮೇಲಕ್ಕೆದ್ದು ಕೂತಿದೆ. ಸರಿಯಾಗ್ ಬಂದಿದ್ಯಾ, ಇಲ್ಲ ನಿಮ್ ಹೊಸ ಲೈನ್‌ದೇ ಏನಾದ್ರೂ ಎಡವಟ್ಟಾ?"

ಇಸಿಜಿ ಬಂದರೆ ಇಡಿಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಸುತ್ತಿ ಬಂದ ಮಾತ್ರಕ್ಕೆ ಯಾರ ಇಸಿಜಿಯೂ ಸೊಟ್ಟಗಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಬರಲಿಲ್ಲ. ಲೈನ್ ಎಡವಟ್ಟೇ ಇರಬೇಕು ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಗೌರಮ್ಮ, "ನಂದ್ ಕಳ್ಸಿ ನೋಡು. ನಂದೂ ಹಂಗೇ ಬಂದ್ರೆ ಲೈನ್ ತಪ್ಪು" ಎಂದು ಡ್ಯೂಟಿ ಡಾಕ್ಟರನ್ನು ಆಚೆ ಕಳಿಸಿ, ಪರದೆ ಎಳೆದು, ಎಲ್ಲೆಲ್ಲಿ ಅಂಟಿಸಬೇಕೆಂದು ಮಲಗಿಕೊಂಡೇ ನನಗೆ ಹೇಳಿಕೊಟ್ಟರು. ನನ್ನ ಕೈ ಐಸಿನಂತಿತ್ತು. "ಅಯ್ಯೋ, ಎಷ್ಟ್ ತಣ್ಣಗವೆ ಕೈ" ಎಂದು ಬೈದರು. ಕಳಿಸಿದೆ.

"ಇದು ಚೆನ್ನಾಗಿದೆ. ಯಾರ್ದಿದು?" ಎಂದರು ಡಾಕ್ಟರು.

"ಸಿಸ್ಟರ್‌ದು ಸಾರ್."

"ಮೊದಲ್ನೇದು?"

"ಪರಮೇಶ್ವರಪ್ಪ ಸಾರ್‌ದು."

"ಎಲ್ಲಿದಾರೆ ಅವ್ರು? ಮಲಗ್ಸಿ. ಓಡಾಡೋಕ್ ಬಿಡ್ಬೇಡಿ. ಡ್ಯೂಟಿ ಡಾಕ್ಟರ್‌ಗೆ ಫೋನ್ ಕೊಡಿ."

ಫೋನನ್ನು ಗೌರಮ್ಮನ ಕೈಗೆ ತುರುಕಿ ನಾನು ಹೊರಗೆ ಓಡಿದೆ. ರಸ್ತೆಯ ಆಚೆ, ಅಂಗಡಿಯ ಸೂರಿನಡಿ, ಪರಮೇಶ್ವರಪ್ಪನವರು ಟೀ ಲೋಟ ಹಿಡಿದು ಎಡ ಭುಜ ನೀವಿಕೊಳ್ಳುತ್ತ ನಿಂತಿದ್ದರು. ಮಳೆ ಜೋರಾಗಿತ್ತು. ಈ ಹೆದರುವ ಮನುಷ್ಯರಿಗೆ ಏನೆಂದು ಹೇಳಲಿ?

"ಸಾರ್, ಇನ್ನೊಂದ್ ಸಲ ಟೆಸ್ಟ್ ಮಾಡ್ಬೇಕಂತೆ, ಬನ್ನಿ."

"ನೋಡ್ದಾ, ನಾನ್ ಹೇಳ್ಲಿಲ್ವಾ? ಹಳೇದೇ ಹಾಕ್ಬುಡು ಅತ್ಲಾಗೆ."

"ಹೂಂ ಸಾರ್. ನಿಧಾನಕ್ ಬನ್ನಿ ಸಾರ್."

"ಯಾಕಮ್ಮ, ಅಳ್ತಿದೀಯಾ? ಬುಡು, ಟೆಸ್ಟ್ ತಾನೆ" ಎಂದು ಅವರೇ ನನ್ನನ್ನು ಸಮಾಧಾನ ಮಾಡುತ್ತ ರಸ್ತೆ ದಾಟಿದರು. ಗೇಟಿನ ಹತ್ತಿರ ನಿಂತು ಎದೆ ಹಿಡಿದುಕೊಂಡರು. ಡ್ಯೂಟಿ ಡಾಕ್ಟರೂ ಗೌರಮ್ಮನೂ ಸ್ಟ್ರೆಚರ್ ತಂದಿದ್ದರು.

ಒಳಗೆ ಇನ್ನೊಂದು ಇಸಿಜಿ ತೆಗೆದರು. ಕಳಿಸು ಎಂದರು. ಆಗಲೇ ನನಗೆ ನೆನಪಾದದ್ದು, ಅರ್ಧ ಗಂಟೆಯ ಆಜ್ಞೆ ಇನ್ನೂ ಹಾಗೇ ಇದೆ. ಇನ್ನೇನು ಎರಡೂ ರೂಟರ್ ತಾವಾಗಿ ಆಫ್ ಆಗುತ್ತವೆ, ಹಳೆಯ ದಾರಿ ಹಿಡಿದು ಏಳುತ್ತವೆ. ಆ ದಾರಿಯ ಕೇಬಲ್ ನೆಲದ ಮೇಲೆ ಬಿದ್ದಿದೆ. ಓಡಿ ಹೋಗಿ ಕುಣಿಗಲ್‌ನದನ್ನು ರದ್ದು ಮಾಡಿದೆ. ಅಲ್ಲಿಂದಲೇ ಗುಬ್ಬಿ ಸುತ್ತಿ ತುಮಕೂರಿನ ರೂಟರ್ ಒಳಗೆ ಹೋಗಿ ಅದನ್ನೂ ರದ್ದು ಮಾಡಿದೆ. ಪಾಸ್‌ವರ್ಡ್ ಎರಡು ಸಲ ತಪ್ಪಿ ಹೊಡೆದಿದ್ದೆ. ಕೇಬಲ್ ಎತ್ತಿ ಸಿಕ್ಕಿಸಲೇ ಎಂದು ಒಮ್ಮೆ ಕೈ ಚಾಚಿದೆ. ಈಗ ಹರಿಯುತ್ತಿದೆ, ಮುಟ್ಟುವುದು ಬೇಡ ಎಂದು ಹಿಂದೆ ತೆಗೆದುಕೊಂಡೆ. ಸೇವ್ ಒತ್ತಿ, ಇಸಿಜಿ ಕಳಿಸಿದೆ.

ಡಾಕ್ಟರು ಫೋನಿನಲ್ಲಿ ಹೇಳಿದ ಹಾಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಹನಿಹನಿಯಾಗಿ ಇಳಿಸಿದರು. ಆಗಾಗ ಇಸಿಜಿ ತೆಗೆಯುತ್ತಿದ್ದರು, ನಾನು ಕಳಿಸುತ್ತಿದ್ದೆ. ಒಂದೊಂದು ಸಲವೂ ಅದು ಹೋಗಿ ಮುಟ್ಟುವವರೆಗೆ ತೆರೆಯ ಮುಂದಿನಿಂದ ಏಳುತ್ತಿರಲಿಲ್ಲ. ಒಮ್ಮೆ ನಟರಾಜುಗೆ ಫೋನ್ ಮಾಡಿ, ಯಾರೇ ಬಂದರೂ ಗುಬ್ಬಿಯ ಆ ಕಪಾಟು ಮುಟ್ಟಲು ಬಿಡಬೇಡ ಎಂದೆ. "ಮುಂದ್ಗಡೆ ಸ್ಟೂಲ್ ಹಾಕ್ಕೊಂಡ್ ಕೂತಿರ್ತೀನಿ ಬುಡಿ ಮೇಡಂ" ಎಂದ. ಮಧ್ಯಾಹ್ನ ಕಳೆದ ಮೇಲೆ ಗೆರೆಗಳು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿದವು. "ಗುಡ್. ಈಗ ಕರ್ಕೊಂಡ್ ಬನ್ನಿ" ಎಂದರು ಡಾಕ್ಟರು. ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ರಸ್ತೆಯ ಪಕ್ಕ ಅಗೆದ ಮಣ್ಣಿನ ದಿಬ್ಬಗಳು ಮಳೆಯಲ್ಲಿ ಕರಗುತ್ತಿದ್ದವು. ಪರಮೇಶ್ವರಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು. ಗೌರಮ್ಮ ಅವರ ನಾಡಿ ಹಿಡಿದ ಕೈ ಬಿಡಲಿಲ್ಲ.

ಮಾರನೆಯ ದಿನ ಸಂಜೆ ನೋಡಲು ಬಿಟ್ಟರು. ಅವರ ಹೆಂಡತಿ ಪಕ್ಕದಲ್ಲಿ ಕೂತು ಬತ್ತಾಸಿನಷ್ಟು ವಿಭೂತಿಯನ್ನು ಅವರ ಹಣೆಗೆ ಹಚ್ಚುತ್ತಿದ್ದರು. ನನ್ನನ್ನು ಕಂಡು ಪರಮೇಶ್ವರಪ್ಪನವರು ಕೈಸನ್ನೆ ಮಾಡಿ ಹತ್ತಿರ ಕರೆದರು. ದನಿ ಬಹಳ ಸಣ್ಣಗಿತ್ತು.

"ಆ ಕೇಬಲ್ಲು... ನಾನ್ ಕಿತ್ತಿದ್ದು... ವಾಪಸ್ ಹಾಕಿದ್ಯೇನಮ್ಮ?"

ನಾನು ಬೆಪ್ಪಾದೆ. ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ, ಗೌರಮ್ಮನಿಗೂ ನೆನಪಿರಲಿಲ್ಲ. ನಿನ್ನೆಯಿಂದ ಈ ಹೊತ್ತಿನವರೆಗೂ ಅದು ಮೋಡೆಮ್ ಹಿಂದೆ ನೆಲದ ಮೇಲೇ ಬಿದ್ದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

"ಇಲ್ಲ ಸಾರ್" ಎಂದೆ.

ಬೈಯುತ್ತಾರೆ ಎಂದು ಕಾದೆ.

"ಹಂಗಾದ್ರೆ ನಾನು ಗುಬ್ಬಿ ಮೇಲೆ ಬಂದೆ ಅನ್ನು" ಎಂದರು.

ಅವರ ಹೆಂಡತಿ ಗಾಬರಿಯಿಂದ ನನ್ನ ಮುಖ ನೋಡಿ, ಗಂಡನ ಕಿವಿಯ ಹತ್ತಿರ ಬಗ್ಗಿ, "ಇಲ್ಲ ಕಣ್ರೀ, ಗುಬ್ಬಿ ಯಾಕ್ ಸುತ್ತಾಕ್ತಾರೆ? ಸೀದಾ ಹೆಬ್ಬೂರ್ ರಸ್ತೇಲೇ ಕರ್ಕೊಂಡ್ ಬಂದವ್ರೆ" ಎಂದರು.

ಪರಮೇಶ್ವರಪ್ಪನವರಿಗೆ ನಗು ಬಂತು. ನಗಬಾರದೆಂದು ಹೇಳಿದ್ದರೋ ಏನೋ, ಹೊದಿಕೆಯನ್ನು ಬಾಯಿಗೆ ಎಳೆದುಕೊಂಡರು. ಆದರೂ ಮಂಚ ಅಲುಗುತ್ತಿತ್ತು. ನರ್ಸ್ ಓಡಿ ಬಂದು ನಮ್ಮಿಬ್ಬರನ್ನೂ ಗದರಿಸಿ ಆಚೆ ಕಳಿಸಿದಳು.